ಆಷಾಢದ ಸೇಬು ಒಲೆಗೇ ಸರಿ

ಮಾವಿನ ಕಾಲ ಮುಗಿಯುತ್ತಾ ಬಂದು ತಳ್ಳುಗಾಡಿಗಳಲ್ಲಿ ನೇರಳೆಹಣ್ಣಿನ ರಾಶಿ ಬೀಳುವ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ ಹೊಸ ಸೇಬೊಂದು ಕಾಣಿಸಿಕೊಳ್ಳುತ್ತದೆ. ಮೈಮೇಲೆ ಸ್ಟಿಕ್ಕರ್ ಇಲ್ಲ, ಮೇಣದ ಹೊಳಪಿಲ್ಲ. ಗಾತ್ರ ಮಧ್ಯಮ. ಬಿಸಿಲು ಬಿದ್ದ ಮಗ್ಗುಲು ಕಡುಗೆಂಪು, ಎಲೆಯ ಮರೆಯಲ್ಲಿದ್ದ ಮಗ್ಗುಲು ಹಸಿರು ಬೆರೆತ ಹಳದಿ. ಯಾವ ಜಾತಿ ಎಂದು ಕೇಳಿದರೆ 'ಶಿಮ್ಲಾ' ಎಂದಷ್ಟೇ ಉತ್ತರ. ಮನೆಗೆ ತಂದು ಕಚ್ಚಿದರೆ ಹುಳಿ. ನಾಲ್ಕು ದಿನ ಇಟ್ಟರೆ ಸಿಹಿಯಾದೀತೆಂದು ಬುಟ್ಟಿಯಲ್ಲಿಟ್ಟರೆ ಹಿಟ್ಟು ಹಿಟ್ಟು. 'ಈ ಸಲ ಸೇಬೇ ಸರಿಯಿಲ್ಲ' ಎಂಬ ಮಾತು ಪ್ರತಿ ಜುಲೈನಲ್ಲೂ ಕೇಳಿಬರುತ್ತದೆ.

ಅಕ್ಟೋಬರಿನ ಸೇಬಿಗೆ ಹಿಡಿಯುವ ಅಳತೆಗೋಲನ್ನೇ ಜುಲೈ ಸೇಬಿಗೂ ಹಿಡಿಯುವುದರಿಂದ ಬರುವ ಮಾತಿದು. ಮಾವಿನಕಾಯನ್ನು ಹಣ್ಣಿನಂತೆ ಹುಳಿಯಿಲ್ಲದೆ ಇರಲಿ ಎಂದು ಯಾರೂ ಬಯಸುವುದಿಲ್ಲ. ಚಿತ್ರಾನ್ನಕ್ಕೆ ಹುಳಿ ಮಾವೇ ಬೇಕೆಂದು ಹುಡುಕಿ ತರುತ್ತೇವೆ. ಮುಂಗಾರಿನ ಈ ಸೇಬನ್ನೂ ಹಾಗೆ ಅಡುಗೆಯ ಹಣ್ಣೆಂದು ತಂದರೆ ಅದರ ಹುಳಿಯೂ ಮೆತ್ತಗಾಗುವ ಗುಣವೂ ಕೆಲಸಕ್ಕೆ ಬರುತ್ತವೆ. ಹೇಗೆ ಬರುತ್ತವೆ ಎಂದು ತಿಳಿಯಲು ಮೊದಲು ಹಣ್ಣಿನ ಹುಟ್ಟು, ಆಮೇಲೆ ಅದರ ಒಳಗೆ ನಡೆಯುವ ಕೆಲಸ ಎರಡನ್ನೂ ನೋಡಬೇಕು.

ಜೂನ್ ಕೊನೆಯಿಂದ ಜುಲೈವರೆಗೆ ಹಿಮಾಚಲದಿಂದ ಇಳಿಯುವ ಸೇಬಿನಲ್ಲಿ ರೆಡ್ ಜೂನ್, ಸಮ್ಮರ್ ಕ್ವೀನ್‌ನಂಥ ತಳಿಗಳಿದ್ದರೂ ಹೆಸರುವಾಸಿ ಟೈಡ್‌ಮನ್. ಪೂರ್ತಿ ಹೆಸರು ಟೈಡ್‌ಮನ್ಸ್ ಅರ್ಲಿ ವುಸ್ಟರ್. 1929ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ಟೈಡ್‌ಮನ್ ಎಂಬ ತಳಿಗಾರ ಎರಡು ಹಳೆಯ ತಳಿಗಳನ್ನು ಸೇರಿಸಿ ಬೆಳೆಸಿದ್ದು. ತೋಟಗಾರರ ಕೈಗೆ ಬಂದದ್ದು 1945ರಲ್ಲಿ. ತಾಯ್ತಂದೆಯರಲ್ಲಿ ಒಂದು ಕೆನಡಾದ ಮ್ಯಾಕಿಂಟಾಷ್, 1811ರಲ್ಲಿ ಜಾನ್ ಮ್ಯಾಕಿಂಟಾಷ್ ಎಂಬ ರೈತ ಒಂಟಾರಿಯೊದ ತನ್ನ ಜಮೀನಿನಲ್ಲಿ ಕಂಡುಕೊಂಡ ಗಿಡದ ಸಂತತಿ. ಇನ್ನೊಂದು ಇಂಗ್ಲೆಂಡಿನ ವುಸ್ಟರ್ ಪೇರ್‌ಮೇನ್. ಹಾಲಿನಂಥ ಬಿಳಿ ತಿರುಳು, ದಪ್ಪ ಸಿಪ್ಪೆ, ಹುಳಿ, ಬೆಂದರೆ ಕರಗಿಬಿಡುವ ಸ್ವಭಾವ ಮ್ಯಾಕಿಂಟಾಷ್ ಕಡೆಯಿಂದ ಬಂದದ್ದು. ಬೇಗ ಕೆಂಪಾಗುವುದು, ಸ್ಟ್ರಾಬೆರಿಯನ್ನು ನೆನಪಿಸುವ ನವಿರಾದ ಘಮ ವುಸ್ಟರ್ ಕಡೆಯಿಂದ. ಕೊಯ್ಲಿಗೆ ಮುಂಚೆಯೇ ಹಣ್ಣು ಉದುರುವ ಚಾಳಿಯೂ ಮ್ಯಾಕಿಂಟಾಷಿನದೇ. ಹಾಗಾಗಿ ತೋಟದವರು ಕೊಂಚ ಬೇಗನೇ ಕೀಳುತ್ತಾರೆ. ಮೊದಲು ಮಂಡಿ ಮುಟ್ಟಿದ ಪೆಟ್ಟಿಗೆಗೆ ಸಿಗುವ ರೇಟು ಆ ಅವಸರಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ.

ಹಿಮಾಚಲದ ತೋಟಗಳಲ್ಲಿ ಈ ಮರಕ್ಕೆ ಇನ್ನೊಂದು ಕೆಲಸವಿದೆ. ಅಲ್ಲಿನ ದೊಡ್ಡ ಬೆಳೆ ಡೆಲಿಷಿಯಸ್ ವರ್ಗದ್ದು. ಆ ಮರ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿಯ ಹೂ ಬೇಕು. ಟೈಡ್‌ಮನ್ ಆ ಪರಾಗ ಕೊಡುವ ಮರವಾಗಿಯೂ ಸಾಲಿನ ನಡುವೆ ನಿಂತಿರುತ್ತದೆ. ಅಂದರೆ ನಮಗೆ ಜುಲೈನಲ್ಲಿ ಸಿಗುವ ಹುಳಿ ಸೇಬಿಲ್ಲದಿದ್ದರೆ ಎಷ್ಟೋ ತೋಟಗಳಲ್ಲಿ ಸೆಪ್ಟೆಂಬರಿನ ಸಿಹಿ ಸೇಬಿಗೂ ಕೊರತೆ.

ಹುಳಿ ಯಾಕೆ, ಹಿಟ್ಟು ಯಾಕೆ

ಸೇಬಿನ ಹೂವಿನಿಂದ ಕೊಯ್ಲಿನವರೆಗಿನ ಅವಧಿ ತಳಿಗೊಂದು ಬಗೆ. ಮುಂಗಡ ತಳಿಗಳು ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತವೆ, ಡೆಲಿಷಿಯಸ್‌ಗೆ ಐದು ತಿಂಗಳ ಹತ್ತಿರ ಬೇಕು, ಫ್ಯೂಜಿ ಮತ್ತು ಗ್ರಾನಿ ಸ್ಮಿತ್ ಅದಕ್ಕೂ ನಿಧಾನ. ಈ ಅವಧಿಯಲ್ಲಿ ಎಲೆಗಳು ತಯಾರಿಸಿದ ಸಕ್ಕರೆ ಕಾಯೊಳಗೆ ಹೋಗಿ ಬಹುಪಾಲು ಪಿಷ್ಟವಾಗಿ ಕೂರುತ್ತದೆ. ಮಾಗುವ ಹೊತ್ತಿಗೆ ಆ ಪಿಷ್ಟ ಒಡೆದು ಮತ್ತೆ ಸಕ್ಕರೆಯಾಗುತ್ತದೆ. ಜೊತೆಗೆ ಹಣ್ಣು ಉಸಿರಾಡುತ್ತಾ ತನ್ನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡುತ್ತದೆ, ಹುಳಿ ಇಳಿಯುತ್ತದೆ. ಕಡಿಮೆ ದಿನ ಮರದಲ್ಲಿದ್ದ ಹಣ್ಣಿನಲ್ಲಿ ಸಿಹಿಯ ಉಳಿತಾಯವೂ ಕಡಿಮೆ, ಖರ್ಚಾಗದೆ ಉಳಿದ ಆಮ್ಲವೂ ಜಾಸ್ತಿ.

ಹಾಗಾದರೆ ಮನೆಯಲ್ಲಿ ಇಟ್ಟು ಹಣ್ಣು ಮಾಡಿದರೆ ಆಗದೇ ಎಂದರೆ, ಸಿಹಿ ಏರುವ ವೇಗಕ್ಕಿಂತ ತಿರುಳು ಸಡಿಲವಾಗುವ ವೇಗ ಇಲ್ಲಿ ಹೆಚ್ಚು. ಬಾಳೆ, ಮಾವಿನ ಹಾಗೆ ಸೇಬೂ ಕಿತ್ತ ಮೇಲೆ ಎಥಿಲೀನ್ ಅನಿಲ ಬಿಟ್ಟುಕೊಂಡು ಮಾಗುವ ಹಣ್ಣು. ಮುಂಗಡ ತಳಿಗಳು ಆ ಅನಿಲವನ್ನು ಧಾರಾಳವಾಗಿ ಬಿಡುತ್ತವೆ. ಅದು ಕಿಣ್ವಗಳನ್ನು ಎಬ್ಬಿಸುತ್ತದೆ, ಕಿಣ್ವಗಳು ಪೆಕ್ಟಿನ್ ಮೇಲೆ ಬೀಳುತ್ತವೆ. ಈ ಪೆಕ್ಟಿನ್ ಜೀವಕೋಶಗಳ ನಡುವೆ ಇಟ್ಟಿಗೆಗಳ ನಡುವಿನ ಗಾರೆಯಂತೆ ಕೂತಿರುವ ಅಂಟು. ಅದು ಗಟ್ಟಿಯಾಗಿದ್ದಾಗ ಕಚ್ಚಿದರೆ ಜೀವಕೋಶವೇ ಸೀಳಿ ರಸ ಚಿಮ್ಮುತ್ತದೆ, ಅದೇ ಗರಿಗರಿ. ಅಂಟು ಕರಗಿದ ಮೇಲೆ ಜೀವಕೋಶಗಳು ಸೀಳುವುದಿಲ್ಲ, ಒಂದರಿಂದ ಒಂದು ಜಾರಿ ಬೇರೆಯಾಗುತ್ತವೆ. ರಸ ಅವುಗಳೊಳಗೇ ಉಳಿದುಬಿಡುತ್ತದೆ. ಆಮೇಲೆ ಅದೇ ಹಣ್ಣು ಬಾಯಿಗೆ ಒಣ ಹಿಟ್ಟಿನಂತಾಗುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ. ಬಾಣಲೆಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ: ಬಿಸಿಗೆ ಜೀವಕೋಶ ಒಡೆದ ಕೂಡಲೇ ಒಣ ಎನಿಸಿದ ಹಣ್ಣೇ ಒಳ್ಳೆ ನೀರು ಬಿಡುತ್ತದೆ. ಹಿಟ್ಟಾಗಿದೆ ಎಂದು ಬಿಸಾಡುವವರಿಗೆ ನನ್ನ ತಕರಾರು ಇಲ್ಲಿಯೇ.

ಪಿಷ್ಟ ಎಷ್ಟು ಉಳಿದಿದೆ ಎಂದು ನೋಡಲು ತೋಟದವರು ಮಾಡುವ ಪರೀಕ್ಷೆ ಅಡುಗೆಮನೆಯಲ್ಲೂ ಸಾಧ್ಯ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ಮೆಡಿಕಲ್ ಅಂಗಡಿಯ ಟಿಂಕ್ಚರ್ ಅಯೋಡಿನ್ನನ್ನು ನೀರಿನಲ್ಲಿ ತೆಳುವಾಗಿಸಿ ಕೊಯ್ದ ಮುಖಕ್ಕೆ ಹಚ್ಚಿ ಒಂದೆರಡು ನಿಮಿಷ ಬಿಡಿ. ಪಿಷ್ಟವಿರುವ ಕಡೆ ನೀಲಿಗಪ್ಪು ಬಣ್ಣ ಬರುತ್ತದೆ. ಮಾಗುವಿಕೆ ಬೀಜದ ಗೂಡಿನಿಂದ ಹೊರಕ್ಕೆ ಹರಡುವುದರಿಂದ ನಡುವೆ ಬೆಳ್ಳಗೆ, ಸಿಪ್ಪೆಯ ಬುಡಕ್ಕೆ ಕಪ್ಪು ಉಂಗುರ ಕಂಡರೆ ಅದು ಅರ್ಧ ದಾರಿಯಲ್ಲಿರುವ ಹಣ್ಣು, ಗೊಜ್ಜಿಗೆ ಹೇಳಿ ಮಾಡಿಸಿದ್ದು. ಪೂರ್ತಿ ಕಪ್ಪಾದರೆ ಕಾಯಿ. ಬಣ್ಣವೇ ಹಿಡಿಯದಿದ್ದರೆ ಜೊತೆಯವನ್ನು ಇವತ್ತೇ ತಿಂದು ಮುಗಿಸಿ. ಅಯೋಡಿನ್ ಹಚ್ಚಿದ ಹೋಳು ಮಾತ್ರ ಕಸಕ್ಕೆ.

ಅಂಗಡಿಯಲ್ಲಿ ಅಯೋಡಿನ್ ಹಚ್ಚಲಾಗುವುದಿಲ್ಲವಲ್ಲ, ಅಲ್ಲಿ ನೋಡಬೇಕಾದ್ದು ಕೆಂಪನ್ನಲ್ಲ, ಕೆಂಪಿನ ಅಡಿಯ ಬಣ್ಣವನ್ನು. ಕೆಂಪು ಬಿಸಿಲಿನಿಂದಲೂ ಬರುತ್ತದೆ, ಬೇಗ ಬಣ್ಣ ಬರಲೆಂದು ಮರಕ್ಕೆ ಎಥೆಫಾನ್ ಎಂಬ ರಾಸಾಯನಿಕ ಹೊಡೆದರೂ ಬರುತ್ತದೆ. ಹಾಗೆ ಬಣ್ಣ ಬರಿಸಿದ ಹಣ್ಣು ಇನ್ನೂ ಬೇಗ ಮೆತ್ತಗಾಗುತ್ತದೆ. ತೊಟ್ಟಿನ ಗುಂಡಿಯ ಸುತ್ತ ಕಡುಹಸಿರಿದ್ದರೆ ಎಳಸು. ಹಸಿರು ತಿಳಿಯಾಗಿ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದರೆ ಸರಿ. ಮೂಗಿಗೆ ಹಿಡಿದರೆ ಘಮ ಬರಬೇಕು. ತೊಟ್ಟಿನ ಪಕ್ಕದ ಭುಜವನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ತಗ್ಗು ಬೀಳಬಾರದು. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಬಂದ ಹಣ್ಣಿನ ಮೇಲೆ ಒಂದೆರಡು ಜಜ್ಜಿದ ಕಲೆ ಇದ್ದೇ ಇರುತ್ತದೆ, ಅಷ್ಟಕ್ಕೆಲ್ಲ ಬೇಡವೆನ್ನಬೇಕಿಲ್ಲ, ಬೇಯಿಸುವುದಾದರೆ ಕೆತ್ತಿ ತೆಗೆದರಾಯಿತು. 'ಇವತ್ತು ನಾಳೆ ಮುಗಿಸ್ಬಿಡಿ ಅಕ್ಕಾ, ಇಟ್ಕೋಬೇಡಿ' ಎನ್ನುವ ವ್ಯಾಪಾರಿಯನ್ನು ನಂಬಿ. ಇದೇ ಹಣ್ಣಿಗೆ ಹದಿನೈದು ದಿನದ ಗ್ಯಾರಂಟಿ ಕೊಡುವವನ ಹತ್ತಿರ ಅರ್ಧ ಕೆಜಿ ಸಾಕು.

ಗೊಜ್ಜಿಗೆ ಒಂದು ಕ್ರಮ, ತೊಕ್ಕಿಗೆ ಇನ್ನೊಂದು

ಹುಣಸೆಹುಳಿ ಬಿದ್ದ ಮೇಲೆ ತರಕಾರಿ ಬೇಯುವುದಿಲ್ಲ ಎಂಬುದು ನಮ್ಮ ಕಡೆ ಹುಳಿ, ಸಾರು ಮಾಡುವ ಎಲ್ಲರಿಗೂ ಗೊತ್ತು. ಕಾರಣ ಮತ್ತದೇ ಪೆಕ್ಟಿನ್. ಹುಳಿಯಲ್ಲಿ ಅದು ಕರಗಲು ಒಪ್ಪುವುದಿಲ್ಲ, ಸಕ್ಕರೆ ಬೆಲ್ಲದ ಪಾಕವೂ ಹೋಳನ್ನು ಬಿಗಿ ಮಾಡುತ್ತದೆ. ಬದನೆಕಾಯಿಗೆ, ಸೀಮೆಬದನೆಗೆ ಇದು ತೊಂದರೆ. ತಟ್ಟನೆ ಕರಗಿಬಿಡುವ ಟೈಡ್‌ಮನ್‌ಗೆ ಇದೇ ಉಪಾಯ. ಹೋಳು ಹೋಳಾಗಿ ಉಳಿಯಬೇಕಾದರೆ ಹುಳಿ ಬೆಲ್ಲ ಮೊದಲು, ಸೇಬು ಆಮೇಲೆ. ಕರಗಿ ಮುದ್ದೆಯಾಗಬೇಕಾದರೆ ಸೇಬು ಮೊದಲು, ಉಳಿದದ್ದು ಆಮೇಲೆ. ಈ ಒಂದು ಕ್ರಮ ನೆನಪಿದ್ದರೆ ಮುಂದಿನ ಅಡುಗೆಗಳಿಗೆ ಅಳತೆಯ ಚೀಟಿಯೂ ಅಷ್ಟಾಗಿ ಬೇಕಿಲ್ಲ.

ಮದುವೆ ಮನೆಯ ಅನಾನಸ್ ಗೊಜ್ಜಿನ ದಾರಿಯಲ್ಲೇ ಸೇಬಿನ ಗೊಜ್ಜೂ ಹೋಗುತ್ತದೆ. ನಾಲ್ಕು ಜನಕ್ಕೆ ಮಧ್ಯಮ ಗಾತ್ರದ 3 ಸೇಬು. ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ, ಬಿಳಿ ಎಳ್ಳು 2 ಚಮಚ, ಕಾಲು ಚಮಚ ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಐದಾರು, ಖಾರಕ್ಕೆ ಗುಂಟೂರಿನದೊಂದೆರಡು. ಬೇರೆ ಬೇರೆಯಾಗಿ ಹುರಿದು, ಹಿಡಿ ಒಣಕೊಬ್ಬರಿ ಸೇರಿಸಿ ತರಿತರಿ ಪುಡಿ ಮಾಡಿಕೊಳ್ಳಿ. ಹುಣಸೆಹಣ್ಣು ಅನಾನಸ್ಸಿಗೆ ಹಾಕುವುದರ ಅರ್ಧ ಸಾಕು, ಹಣ್ಣಿನ ಹುಳಿಯೇ ಬೇಕಷ್ಟಿದೆ. ಬೆಲ್ಲದಲ್ಲಿ ಮಾತ್ರ ಕೈ ಹಿಡಿಯಬೇಡಿ. ಮಂಡ್ಯದ ಅಚ್ಚು ಬೆಲ್ಲ ಇದ್ದರೆ ಒಂದೂವರೆ ಅಚ್ಚಿನಿಂದ ಶುರು ಮಾಡಿ, ರುಚಿ ನೋಡಿ ಏರಿಸಬಹುದು. ಹುಣಸೆ ನೀರು, ಬೆಲ್ಲ, ಉಪ್ಪು, ಅರಿಶಿನ ಕುದ್ದು ಹಸಿ ವಾಸನೆ ಹೋದ ಮೇಲೆ ಪುಡಿ ಹಾಕಿ. ಗೊಜ್ಜು ಸೌಟಿಗೆ ಅಂಟಿಕೊಳ್ಳುವ ಹದಕ್ಕೆ ಬಂದಾಗ ಸೇಬಿನ ಸರದಿ. ಸಿಪ್ಪೆ ತೆಗೆಯಬಾರದು, ಹಸಿಯಾಗಿ ತಿನ್ನುವಾಗ ಹಲ್ಲಿಗೆ ಅಡ್ಡಬರುವ ಆ ದಪ್ಪ ಸಿಪ್ಪೆಯೇ ಇಲ್ಲಿ ಹೋಳನ್ನು ಹಿಡಿದಿಡುತ್ತದೆ. ಅರ್ಧ ಅಂಗುಲದ ಹೋಳು, ಸಣ್ಣ ಉರಿ, ಮುಚ್ಚಳ ಬೇಡ.

ಇನ್ನು ಕಣ್ಣು ಪಾತ್ರೆಯ ಮೇಲಿರಲಿ. ಹೋಳಿನ ಅಂಚು ಮೊದಲು ಗಾಜಿನಂತೆ ತಿಳಿಯಾಗುತ್ತದೆ. ಆ ತಿಳಿ ನಿಧಾನಕ್ಕೆ ಒಳಗೆ ಸರಿಯುತ್ತದೆ, ನಡುವೆ ಬಿಳಿಯ ಚುಕ್ಕೆ ಉಳಿಯುತ್ತದೆ. ಆ ಚುಕ್ಕೆ ಇರುವಾಗಲೇ ಒಲೆ ಆರಿಸಿ. ಪಾತ್ರೆಯ ಬಿಸಿಯಲ್ಲೇ ಅದೂ ಬೇಯುತ್ತದೆ. ಬಿಳಿ ಪೂರ್ತಿ ಮಾಯವಾಗಲೆಂದು ಕಾದರೆ ಊಟದ ಹೊತ್ತಿಗೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ. ಮಾಡಿದ ದಿನಕ್ಕಿಂತ ಮಾರನೆಯ ದಿನ ಇದಕ್ಕೆ ರುಚಿ ಹೆಚ್ಚು, ಅಕ್ಕಿ ರೊಟ್ಟಿಗೂ ಮೊಸರನ್ನಕ್ಕೂ ಸೈ.

ತೊಕ್ಕಿಗೆ ಇದೆಲ್ಲ ತಲೆಕೆಳಗು. ಸಿಪ್ಪೆ ಸಮೇತ ತುರಿದು, ಉಪ್ಪು ಹಾಕಿ, ಬರೀ ತನ್ನ ನೀರಿನಲ್ಲೇ ಬೇಯಲು ಬಿಡಿ. ಹಿಟ್ಟಾಗಿ ಹೋದ ಹಣ್ಣಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ. ಪೆಕ್ಟಿನ್ ಅರ್ಧ ಕರಗಿರುವುದರಿಂದ ಬೇಗ ಮುದ್ದೆಯಾಗುತ್ತದೆ. ಆಮೇಲೆ ಎಣ್ಣೆ, ಸಾಸಿವೆ, ಇಂಗು, ಅಚ್ಚಖಾರದ ಪುಡಿ, ಹುರಿದ ಮೆಂತ್ಯದ ಪುಡಿ, ಚೂರು ಬೆಲ್ಲ. ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಮಗುಚಿ. ಇದನ್ನು ಮಾವಿನಕಾಯಿ ತೊಕ್ಕಿನಂತೆ ಜಾಡಿಗೆ ತುಂಬಿ ಅಟ್ಟದ ಮೇಲಿಡುವ ಆಸೆ ಬೇಡ. ಎಷ್ಟೇ ಹುಳಿಯಾದರೂ ಸೇಬಿನ ಆಮ್ಲ ಮಾವಿನಕಾಯಿಯ ಮಟ್ಟಕ್ಕೆ ಬರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಮುಗಿಸಿ.

ಚಿತ್ರಾನ್ನಕ್ಕೆ ತುರಿದು ಇಟ್ಟುಕೊಂಡರೆ ಕಂದು ತಿರುಗುತ್ತದೆ. ಕೊಯ್ದ ಜಾಗದಲ್ಲಿ ಗಾಳಿ ಸೋಕಿ ಕಿಣ್ವವೊಂದು ನಡೆಸುವ ಕೆಲಸ ಅದು, ಬಿಸಿಗೆ ಆ ಕಿಣ್ವ ನಿಲ್ಲುತ್ತದೆ. ಆದ್ದರಿಂದ ಒಗ್ಗರಣೆ, ಕಡಲೆಕಾಯಿ ಬೀಜ, ಅರಿಶಿನ ಎಲ್ಲ ಬಾಣಲೆಯಲ್ಲಿ ಸಿದ್ಧವಾದ ಮೇಲೆ ಅದರ ಮೇಲೆಯೇ ನೇರವಾಗಿ ತುರಿಯಿರಿ, ಒಂದು ಸುತ್ತು ಕೈಯಾಡಿಸಿ ಅನ್ನ ಹಾಕಿ. ಎಳಸಾದ, ಅಯೋಡಿನ್‌ಗೆ ಕಪ್ಪಾಗುವಂಥ ಕಾಯಿ ಇದಕ್ಕೆ ಚೆಂದ. ಹೆಸರುಬೇಳೆ ಕೋಸಂಬರಿಗೂ ಸೇಬು ಬೀಳಬಹುದು, ಉಪ್ಪು ನಿಂಬೆ ಬಡಿಸುವ ಮುಂಚೆ. ಮಳೆಗಾಲದಲ್ಲಿ ಟೊಮೆಟೊ ರೇಟು ಹಾರುತ್ತದೆ, 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿತ್ತು. ಆಗ ಸಾರಿಗೆ ಅರ್ಧ ಟೊಮೆಟೊ ಬದಲು ಬೇಯಿಸಿ ಹಿಸುಕಿದ ಹುಳಿ ಸೇಬು ಹಾಕುವುದುಂಟು. ಪೂರ್ತಿ ಸೇಬಿನದೇ ಸಾರು ಮಾಡಿದರೆ ನಾಲಿಗೆಗೆ ಏನೋ ಕಮ್ಮಿ ಎನಿಸುತ್ತದೆ. ಟೊಮೆಟೊದಲ್ಲಿರುವ ಗ್ಲುಟಮೇಟ್ ಕೊಡುವ ಆಳ ಸೇಬಿನಲ್ಲಿಲ್ಲ.

ಸಿಹಿಯ ಕಡೆ ಬಂದರೆ ಕೇಸರಿಬಾತ್ ಸುಲಭ. ಹೋಳನ್ನು ತುಪ್ಪ ಸಕ್ಕರೆಯಲ್ಲಿ ಬೇರೆಯಾಗಿ ಬಾಡಿಸಿಕೊಂಡು, ರವೆ ಅರಳಿ ಸಕ್ಕರೆ ಕರಗಿದ ಮೇಲೆ ಸೇರಿಸುವುದು. ರವೆಯ ಜೊತೆಗೇ ಹಾಕಿದರೆ ಹಣ್ಣು ಎಲ್ಲಿದೆ ಎಂದು ಹುಡುಕಬೇಕು. ಪಾಯಸ ಮಾತ್ರ ಕಿರಿಕಿರಿ. ಬೆಲ್ಲದ ಪಾಯಸಕ್ಕೆ ಹಾಲನ್ನು ಕೊನೆಗೆ ಹಾಕುವ ಎಚ್ಚರ ನಮಗಿದೆ. ಇಲ್ಲಿ ಹಣ್ಣೇ ಹುಳಿ, ಕುದಿಯುವ ಹಾಲಿಗೆ ಬಿದ್ದರೆ ಒಡೆಯುವುದು ಖಂಡಿತ. ಹಣ್ಣನ್ನು ಸಕ್ಕರೆಯೊಡನೆ ಬೇಯಿಸಿ ಪೂರ್ತಿ ತಣ್ಣಗಾಗಿಸಿ, ಇಂಗಿಸಿ ತಣಿಸಿದ ಹಾಲಿಗೆ ಬೆರೆಸಿ ಅಲ್ಲಿಗೆ ನಿಲ್ಲಿಸಿ, ಮತ್ತೆ ಬಿಸಿ ಮಾಡಲು ಹೋಗಬೇಡಿ. ನನ್ನನ್ನು ಕೇಳಿದರೆ ಪಾಯಸಕ್ಕೆ ಸೆಪ್ಟೆಂಬರಿನ ಸೇಬೇ ವಾಸಿ.

ಜಾಮ್‌ಗೆ ಈ ಹಣ್ಣನ್ನು ಮೀರಿಸಿದ್ದು ನಾನು ಕಂಡಿಲ್ಲ. ಜಾಮ್ ಗಟ್ಟಿಯಾಗಲು ಮೂರು ಬೇಕು: ಪೆಕ್ಟಿನ್, ಆಮ್ಲ, ಸಕ್ಕರೆ. ಅರೆಮಾಗಿದ ಹುಳಿ ಸೇಬಿನಲ್ಲಿ ಮೊದಲೆರಡೂ ಸಮೃದ್ಧ, ಹಾಗಾಗಿ ಪೊಟ್ಟಣದ ಪೆಕ್ಟಿನ್ ಬೇಕಿಲ್ಲ. ಹಣ್ಣನ್ನು ಸ್ವಲ್ಪ ನೀರಿನಲ್ಲಿ ಬೇಯಿಸುವಾಗ ಸಿಪ್ಪೆ, ನಡುಗೂಡನ್ನು ಬಟ್ಟೆಯ ಗಂಟು ಕಟ್ಟಿ ಅದೇ ಪಾತ್ರೆಗೆ ಇಳಿಬಿಡಿ, ಬೀಜ ತೆಗೆದಿರಲಿ. ಪೆಕ್ಟಿನ್ ಅಲ್ಲೇ ಹೆಚ್ಚು, ಸಿಪ್ಪೆಯ ಕೆಂಪೂ ಇಳಿದು ತಿಳಿ ಗುಲಾಬಿ ಬಣ್ಣ ಬರುತ್ತದೆ. ಒಂದು ಕೆಜಿ ತಿರುಳಿಗೆ ಮುಕ್ಕಾಲು ಕೆಜಿ ಸಕ್ಕರೆ, ಅರ್ಧ ನಿಂಬೆ. ಸಕ್ಕರೆ ಹಾಕುವುದು ಹಣ್ಣು ಪೂರ್ತಿ ಕರಗಿದ ಮೇಲೆ, ಕಾರಣ ಆಗಲೇ ಹೇಳಿದ್ದು. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಇಳಿಸಬಹುದು. ಅಂಗಡಿಯ ಜಾಮ್‌ನಲ್ಲಿ ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ಶೇ. 65ಕ್ಕೆ ಕಡಿಮೆಯಿರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಆ ಮಟ್ಟದ ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೆ ಬಿಟ್ಟುಕೊಡುವುದಿಲ್ಲ. ಸಕ್ಕರೆ ಕಮ್ಮಿ ಮಾಡಿದ 'ಆರೋಗ್ಯಕರ' ಮನೆ ಜಾಮ್ ಹೊರಗಿಟ್ಟರೆ ಕೆಡುವುದು ಇದಕ್ಕೇ. ಇಂಥ ಲೆಕ್ಕಗಳಿಗೆ ಬೇರೆ ಊರು ನೋಡಬೇಕಿಲ್ಲ: ಹಣ್ಣು ತರಕಾರಿಗಳ ಸಂಸ್ಕರಣೆಯ ವಿಜ್ಞಾನವನ್ನೇ ಕಸುಬು ಮಾಡಿಕೊಂಡ ಸಿಎಫ್‌ಟಿಆರ್‌ಐ 1950ರಿಂದ ನಮ್ಮ ಚೆಲುವಾಂಬ ಅರಮನೆಯಲ್ಲೇ ಇದೆ.

ಇಡುವುದು, ಬೆಳೆಯುವುದು

ತಂದ ದಿನವೇ ಬೇಯಿಸಲಾಗದಿದ್ದರೆ ತೂತುಗಳಿರುವ ಕವರಿನಲ್ಲಿ ಹಾಕಿ ಫ್ರಿಜ್ಜಿಗೆ. ಹತ್ತು ಡಿಗ್ರಿ ಬಿಸಿ ಏರಿದರೆ ಹಣ್ಣಿನ ಉಸಿರಾಟ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚು, ಬುಟ್ಟಿಯಲ್ಲಿ ಒಂದು ದಿನ ಕಳೆಯುವುದು ತಂಪಿನಲ್ಲಿ ಹಲವು ದಿನಗಳಿಗೆ ಸಮ. ತರಕಾರಿಯ ಟ್ರೇಯಲ್ಲಿ ಮಾತ್ರ ಬೇಡ. ಅದು ಬಿಡುವ ಎಥಿಲೀನ್‌ಗೆ ಕೊತ್ತಂಬರಿ ಸೊಪ್ಪು ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಬೆಣ್ಣೆಹಣ್ಣೋ ರಸಬಾಳೆಯೋ ಹಣ್ಣಾಗದೆ ಕೂತಿದ್ದರೆ ಅದರ ಜೊತೆ ಒಂದು ಸೇಬು ಹಾಕಿ ಕಾಗದದ ಚೀಲ ಮುಚ್ಚಿಡಿ, ಅದೇ ಅನಿಲ ಉಪಕಾರಕ್ಕೆ ಬರುತ್ತದೆ.

ಮೈಸೂರು ಮಂಡ್ಯದ ಹಿತ್ತಲಲ್ಲಿ ಇದನ್ನು ಬೆಳೆಯಬಹುದೇ ಎಂದರೆ ಟೈಡ್‌ಮನ್ ಆಗದು. ಅಂಥ ಮರಕ್ಕೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ತಂಪು ನೂರಾರು ತಾಸು ಸಿಗದೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ನಮ್ಮ ಜನವರಿಯ ರಾತ್ರಿ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ಚಳಿ ಹೆಚ್ಚು ಬೇಡದ ತಳಿಗಳು ಬೇರೆ ಇವೆ: ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪದ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರದ ತಗ್ಗು ಪ್ರದೇಶದಲ್ಲಿ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದ ಬಯಲಲ್ಲೂ ಇವನ್ನು ನೆಟ್ಟು ಕಾಯಿ ಕಂಡವರಿದ್ದಾರೆ. ಇವೂ ಬೇಗ ಮಾಗುವ, ಬೇಗ ಮೆತ್ತಗಾಗುವ ಹಣ್ಣುಗಳೇ ಆದ್ದರಿಂದ ಅಡುಗೆಯ ವಿಷಯದಲ್ಲಿ ಮೇಲಿನ ಮಾತೆಲ್ಲ ಅವಕ್ಕೂ ಸಲ್ಲುತ್ತದೆ. ಅನ್ನಾ ಕೊಂಚ ಸಿಹಿ, ಗೊಜ್ಜಿಗೆ ಹಾಕುವಾಗ ಬೆಲ್ಲ ಕಮ್ಮಿ ಮಾಡಿ.

ಆಗಸ್ಟಿನಲ್ಲಿ ರಾಯಲ್ ಡೆಲಿಷಿಯಸ್ ಪೆಟ್ಟಿಗೆಗಳು ಬರತೊಡಗಿದರೆ ಟೈಡ್‌ಮನ್ ಮಾಯ. ಆಮೇಲೂ ಗೊಜ್ಜು ಬೇಕೆನಿಸಿದರೆ ರಾಯಲ್‌ನಲ್ಲಿ ಮಾಡಬಹುದು: ಹುಣಸೆ ಅನಾನಸ್ಸಿಗೆ ಹಾಕುವಷ್ಟೇ, ಬೆಲ್ಲ ಒಂದು ಅಚ್ಚಿಗಿಂತ ಕಡಿಮೆ, ಸಿಪ್ಪೆ ಬೇಕಾದರೆ ತೆಗೆಯಿರಿ, ಹೋಳು ಒಲೆಯ ಮೇಲೆ ಇನ್ನೊಂದು ಮೂರ್ನಾಲ್ಕು ನಿಮಿಷ ಹೆಚ್ಚಿಗೆ ಇರಲಿ.